ಕೆಮ್ಮಣ್ಣು, ಕಬ್ಬಿಣ, ಕ್ರೋಮ್

ಹೋದ ಮಳೆಗಾಲದಲ್ಲಿ ಅಪ್ಪನ ಹಳೇ ಜಾವಾ ಹತ್ತಿ, ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿಗೆ ಹೋಗಿದ್ದೆ. ಮಂಜಿನಲ್ಲಿ ಗಾಡಿ ನಿಲ್ಲಿಸಿ ಟ್ಯಾಂಕ್ ಒರೆಸಿದರೆ ಬಟ್ಟೆಗೆ ಕೆಂಪು ಹತ್ತಿತು. ದಾರಿಯ ಮಣ್ಣು ಅಂದ್ಕೊಂಡೆ. ಅಲ್ಲ, ತುಕ್ಕು. ಯೋಚಿಸಿದರೆ ಎರಡೂ ನೆಂಟರೇ, ಎರಡೂ ಕಬ್ಬಿಣದ ಆಕ್ಸೈಡ್.

ಈ ಬೆಟ್ಟದ ಅದಿರನ್ನು ನಂಬಿಕೊಂಡೇ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಗಿದ್ದು. ಅದಿರು ರೋಪ್‌ವೇನಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮ್ ಹಳಿ ಹಿಡಿದು ಹೋಗ್ತಿತ್ತು. ಅದೇ ದಶಕದಲ್ಲಿ ಅಮೆರಿಕದಲ್ಲಿ ಕ್ರೋಮ್ ಲೇಪನ ಪ್ರಯೋಗಶಾಲೆಯಿಂದ ಕಾರ್ಖಾನೆಗೆ ಬಂತು. ಮಣ್ಣಿಂದ ಕಬ್ಬಿಣ ತೆಗೆಯೋದು ಒಂದು ಕಥೆ, ಅದು ಮತ್ತೆ ಮಣ್ಣಾಗದ ಹಾಗೆ ತಡೆಯೋದು ಇನ್ನೊಂದು.

1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಜೆಕೊಸ್ಲೊವಾಕಿಯಾದ ಲೈಸೆನ್ಸಿನಲ್ಲಿ ಬೈಕ್ ತಯಾರಿಸತೊಡಗಿತು. ಟ್ಯಾಂಕಿನ ಪಕ್ಕಗಳಲ್ಲಿ ಮುಖ ಕಾಣೋ ಹಾಗೆ ಹೊಳೆಯೋ ಕ್ರೋಮ್. 1973ರಲ್ಲಿ ಹೆಸರು ಯೆಜ್ಡಿ ಆಯ್ತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳು ಉಳಿದವು, ಹೊಳಪು ಹೋಯಿತು.

ರೀಕ್ರೋಮ್ ಅಂದರೆ ಮೇಲೆ ಬಳಿಯೋದು ಅಂತ ನಾನೂ ತಿಳ್ಕೊಂಡಿದ್ದೆ. ಹಳೇ ಲೇಪ ಕಿತ್ತು, ತುಕ್ಕಿನ ಗುಳಿಗಳನ್ನು ಉಜ್ಜಿ ಸಮ ಮಾಡಿ, ತಾಮ್ರ, ನಿಕಲ್, ಕೊನೆಗೆ ಕ್ರೋಮ್. ಆ ಕ್ರೋಮ್ ಪದರ ಒಂದು ಮೈಕ್ರಾನ್ ಕೂಡ ಇರಲ್ಲ. ನೀರನ್ನು ತಡೆಯೋ ಮುಖ್ಯ ಕೆಲಸ ಅದರಡಿಯ ನಿಕಲ್‌ದು, ಹೊಳಪು ಬರೋದು ಪಾಲಿಶಿಂದ. ಗುಳಿ ಉಳಿದರೆ ಕ್ರೋಮ್ ಅದನ್ನು ಮುಚ್ಚಲ್ಲ, ಇನ್ನೂ ಎತ್ತಿ ತೋರಿಸುತ್ತೆ.

ಇದಕ್ಕೆ ಇನ್ನೊಂದು ಬೆಲೆ ಇದೆ. ಹಳೇ ಪದ್ಧತಿಯ ಕ್ರೋಮ್ ತೊಟ್ಟಿಯಲ್ಲಿರೋದು ಕ್ಯಾನ್ಸರ್ ತರಬಲ್ಲ ಹೆಕ್ಸಾವೇಲೆಂಟ್ ಕ್ರೋಮಿಯಂ. ಬೆಂಗಳೂರಿನ ಪೀಣ್ಯದ ಅಂತರ್ಜಲದಲ್ಲೂ ಅದು ಪತ್ತೆಯಾಗಿದೆ. ನನ್ನ ಗಾಡಿಯ ಹೊಳಪು ಯಾರದೋ ಬೋರ್‌ವೆಲ್ಲಿಗೆ ಇಳಿಯೋದಾದರೆ?

ಕೊನೆಗೆ ತೂತು ಬೀಳೋ ಹಂತಕ್ಕೆ ಬಂದಿದ್ದ ಸೈಲೆನ್ಸರನ್ನು ಮಾತ್ರ ಬದಲಿಸಿದೆ. ಹೊಸ ಲೇಪಕ್ಕೆ ಕೊಡೋ ಮುಂಚೆ, ಕೊಳೆ ನೀರನ್ನು ಶುದ್ಧ ಮಾಡಿ ಬಿಡ್ತೀರಾ ಅಂತ ಕೇಳೋಕೆ ಕಲಿತೆ. ಟ್ಯಾಂಕನ್ನು ಹಾಗೇ ಬಿಟ್ಟೆ. ಅಪ್ಪ ಭಾನುವಾರ ಎಣ್ಣೆ ಬಟ್ಟೇಲಿ ಒರೆಸ್ತಿದ್ದರು, ಅದಕ್ಕೇ ಇಷ್ಟು ವರ್ಷ ಬಾಳಿದೆ. ಈಗ ಆ ಬಟ್ಟೆ ನನ್ನ ಕೈಯಲ್ಲಿದೆ.