ಬ್ಯಾಟರಿಗೆ ಆಸಿಡ್ ಹಾಕಿಸೋ ಮುಂಚೆ ಒಂದು ಹಳೇ ಕಥೆ

ಮಳೆ ಹಿಡಿದು ಮೂರು ವಾರ ಕಾರು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲೇ ನಿಂತಿತ್ತು. ಮೊನ್ನೆ ಪೇಟೆಗೆ ಹೊರಡೋಣ ಅಂತ ಕೀ ತಿರುಗಿಸಿದ್ರೆ ಬರೀ ಟಕ್ ಟಕ್, ಸೆಲ್ಫ್ ಎತ್ತಲೇ ಇಲ್ಲ. ನೋಡಿದವರೆಲ್ಲ ‘ಆಸಿಡ್ ಸತ್ತಿದೆ, ಸ್ವಲ್ಪ ಹೊಸದು ಹಾಕಿಸಿ’ ಅಂದ್ರು. ಆರು ವರ್ಷದ ಹಿಂದೆ ಟ್ರ್ಯಾಕ್ಟರ್ ಬ್ಯಾಟರಿಗೆ ನಾನೂ ಹಾಗೇ ಹಾಕಿಸಿದ್ದೆ. ಕೆಲವು ದಿನ ಜೋರಾಗಿ ಎತ್ತಿತು, ಎರಡು ತಿಂಗಳಿಗೆ ಪೂರ್ತಿ ಮಲಗಿತು. ಹೋದ ದುಡ್ಡಿಗಿಂತ ನಾಟಿ ಹೊತ್ತಲ್ಲಿ ಉಳುಮೆ ನಿಂತಿದ್ದು ಹೆಚ್ಚು ಹೊಟ್ಟೆ ಉರಿಸ್ತು. ಯಾಕೆ ಹಾಗಾಯ್ತು ಅಂತ ತಿಳಿದಿದ್ದು ಈ ಡಬ್ಬಿಯ ಇತಿಹಾಸ ಓದಿದ ಮೇಲೆ.

1800ರಲ್ಲಿ ಇಟಲಿಯ ವೋಲ್ಟಾ ಮಾಡಿದ ಬ್ಯಾಟರಿ ನಮ್ಮ ಟಾರ್ಚ್ ಸೆಲ್ ಇದ್ದ ಹಾಗೆ, ಮುಗಿದರೆ ಮುಗೀತು. ಮತ್ತೆ ತುಂಬಿಸಬಹುದಾದ ಸೀಸದ ಬ್ಯಾಟರಿ ಮಾಡಿದವನು ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ, 1859ರಲ್ಲಿ. ಎರಡು ಸೀಸದ ಹಾಳೆ, ಒಂದಕ್ಕೊಂದು ತಾಗದಂತೆ ನಡುವೆ ರಬ್ಬರ್ ಪಟ್ಟಿ. ಅದನ್ನು ಚಾಪೆ ಸುತ್ತಿದಂತೆ ಸುತ್ತಿ ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿಸಿದ, ಅಷ್ಟೇ. ಮರುವರ್ಷ ಇಂಥ ಒಂಬತ್ತು ಸೆಲ್ ಜೋಡಿಸಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದ. ತಮಾಷೆ ಅಂದ್ರೆ, ಚಾರ್ಜ್ ಮಾಡೋಕೆ ಆಗ ಒಳ್ಳೇ ಡೈನಮೋ ಇರಲಿಲ್ಲ. ಹಳೇ ಥರದ ಸೆಲ್‌ಗಳಿಂದಲೇ ತುಂಬಿಸಬೇಕಿತ್ತು, ಬಿಂದಿಗೇಲಿ ನೀರು ಹೊತ್ತು ತೊಟ್ಟಿ ತುಂಬಿಸಿದ ಹಾಗೆ. ಮೇಲಾಗಿ ಹೊಸ ಸೀಸದ ಹಾಳೆ ಹೆಚ್ಚು ಕರೆಂಟ್ ಹಿಡಿಯಲ್ಲ. ತಿಂಗಳುಗಟ್ಟಲೆ ತುಂಬಿಸಿ, ಖಾಲಿ ಮಾಡಿ, ಮತ್ತೆ ತುಂಬಿಸಿ ಹದ ಮಾಡಬೇಕಿತ್ತು. 1881ರಲ್ಲಿ ಕಮೀಯ್ ಫೋರ್ ಅನ್ನೋ ಇನ್ನೊಬ್ಬ ಫ್ರೆಂಚ್ ರಸಾಯನಶಾಸ್ತ್ರಜ್ಞ, ಗೋಡೆಗೆ ಗಾರೆ ಮೆತ್ತಿದಂತೆ ಪ್ಲೇಟಿನ ಮೇಲೆ ಸೀಸದ ಆಕ್ಸೈಡ್ ಮೆತ್ತಿ ಆ ಕಾಯುವ ಕೆಲಸ ತಪ್ಪಿಸಿದ.

ನಮಗೆ ಬೇಕಾದ ವಿಷಯ ಬರೋದು ಮುಂದಿನ ವರ್ಷ. 1882ರಲ್ಲಿ ಇಂಗ್ಲೆಂಡಿನ ಗ್ಲಾಡ್‌ಸ್ಟನ್ ಮತ್ತು ಟ್ರೈಬ್ ಅನ್ನೋ ಇಬ್ಬರು ಒಳಗೆ ಏನಾಗುತ್ತೆ ಅಂತ ಬಿಡಿಸಿ ಹೇಳಿದರು. ಬ್ಯಾಟರಿ ಖಾಲಿಯಾಗುವಾಗ ಆಸಿಡ್‌ನಲ್ಲಿರುವ ಗಂಧಕದ ಅಂಶ ಎರಡೂ ಪ್ಲೇಟಿಗೆ ಅಂಟಿ ಸೀಸದ ಸಲ್ಫೇಟ್ ಆಗುತ್ತೆ, ಉಳಿದ ದ್ರಾವಣ ನೀರು ನೀರಾಗುತ್ತೆ. ಚಾರ್ಜ್ ಮಾಡಿದರೆ ವಾಪಸ್ ಬರುತ್ತೆ. ಅಂದ್ರೆ ಆಸಿಡ್ ಸತ್ತಿಲ್ಲ, ಪ್ಲೇಟಿನಲ್ಲಿ ಕೂತಿದೆ. ರಂಜಕ ಹಾಕಿದ್ರೂ ಮಣ್ಣು ಹಿಡ್ಕೊಂಡು ಬೆಳೆಗೆ ಕೊಡಲ್ವಲ್ಲ, ಹಾಗೆ. ನಾನು ಟ್ರ್ಯಾಕ್ಟರಿಗೆ ಮೇಲಿಂದ ಆಸಿಡ್ ಸುರಿದೆ. ಚಾರ್ಜ್ ಆದಾಗ ಒಳಗಿನದ್ದೂ ಹೊರಬಂದು ಅತಿ ಗಟ್ಟಿಯಾಗಿ ಪ್ಲೇಟನ್ನೇ ತಿಂದಿತು. ಬಿಸಿಗೆ, ಚಾರ್ಜಿಗೆ ಕಡಿಮೆಯಾಗೋದು ನೀರು. ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರು ಬೇಡವೇ ಬೇಡ.

ಇನ್ನು ‘ಸೆಲ್ಫ್’ ಅನ್ನೋ ನಮ್ಮ ಮಾತು ಸೆಲ್ಫ್ ಸ್ಟಾರ್ಟರ್‌ನಿಂದ ಬಂದಿದ್ದು. ಮೊದಲು ಕಾರಿಗೂ ಹ್ಯಾಂಡಲ್ ಹೊಡೀಬೇಕಿತ್ತು, ಅದು ತಿರುಗಿ ಬಡಿದು ಎಷ್ಟೋ ಜನರ ಮಣಿಕಟ್ಟು ಮುರಿದಿದೆ. ಹಳೇ ಡೀಸೆಲ್ ಪಂಪ್‌ಸೆಟ್ ಹೊಡೆದವರಿಗೆ ನಾನು ಹೇಳೋದೇ ಬೇಡ! ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಮಾಡಿದ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿಗೆ ಬಂತು. ಅಲ್ಲಿಂದ ಕಾರಿನ ಬ್ಯಾಟರಿಯ ಮುಖ್ಯ ಕೆಲಸ ಕೆಲವೇ ಸೆಕೆಂಡ್ ಭಾರೀ ಕರೆಂಟ್ ಕೊಡೋದು. ಅದಕ್ಕೇ ತೆಳು ಪ್ಲೇಟು, ಸಂಖ್ಯೆ ಜಾಸ್ತಿ. ಇದನ್ನು ತಂದು ಸೋಲಾರ್ ಬೇಲಿಗೆ, ರಾತ್ರಿಯಿಡೀ ಲೈಟಿಗೆ ಹಚ್ಚಿದರೆ ಬೇಗ ಸಾಯುತ್ತೆ.

ಸರಿ, ನನ್ನ ಕಾರಿಗೆ ಬರ್ತೀನಿ. ಟರ್ಮಿನಲ್ ಮೇಲೆ ಹಸಿರು-ಬಿಳಿ ಹುಡಿ ಕೂತಿತ್ತು. ಮೈನಸ್ ವೈರ್ ಮೊದಲು ಬಿಚ್ಚಿ, ಮುಚ್ಚಳ ಎಲ್ಲ ಬಿಗಿ ಇದೆಯಾ ನೋಡಿಕೊಂಡು, ಬಿಸಿನೀರಿಗೆ ಅಡುಗೆ ಸೋಡ ಹಾಕಿ ತೊಳೆದೆ. ಸೋಡ ಒಳಗೆ ಹೋದರೆ ಆಸಿಡ್ ಕೆಡುತ್ತೆ, ಹುಷಾರು. ಮಲ್ಟಿಮೀಟರ್ ಇಟ್ಟರೆ 12.1 ವೋಲ್ಟ್. ಕೆಲವು ಗಂಟೆ ಸುಮ್ಮನೆ ಬಿಟ್ಟ ಬ್ಯಾಟರಿಯಲ್ಲಿ 12.6 ಇದ್ದರೆ ತುಂಬಿದೆ, 12.2 ಅಂದ್ರೆ ಅರ್ಧ, 12ಕ್ಕಿಂತ ಕೆಳಗೆ ಬಂದರೆ ಬಹುಪಾಲು ಖಾಲಿ. ಹೈಡ್ರೋಮೀಟರ್‌ನಲ್ಲಿ ಆರೂ ಸೆಲ್‌ನ ಗ್ರಾವಿಟಿ ಹೆಚ್ಚುಕಮ್ಮಿ 1180. ಇದು ಸಮಾಧಾನದ ವಿಷಯ. ಐದು ಚೆನ್ನಾಗಿದ್ದು ಒಂದೇ ಒಂದು ತೀರಾ ಕೆಳಗಿದ್ದರೆ ಆ ಸೆಲ್ ಹೋಗಿದೆ ಅಂತ ಲೆಕ್ಕ, ಚಾರ್ಜ್ ಮಾಡಿ ಪ್ರಯೋಜನ ಇಲ್ಲ. ಸೀಲ್ಡ್ ಬ್ಯಾಟರಿ ಇದ್ದವರಿಗೆ ಈ ಪರೀಕ್ಷೆ ಆಗಲ್ಲ, ವೋಲ್ಟ್ ಮಾತ್ರ ಗತಿ.

4 ಆಂಪಿಯರ್‌ನಲ್ಲಿ ರಾತ್ರಿಯೆಲ್ಲ ನಿಧಾನ ಚಾರ್ಜ್ ಕೊಟ್ಟೆ, ಶೆಡ್ಡಿನ ಬಾಗಿಲು ತೆಗೆದಿಟ್ಟು. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತೆ, ಹತ್ತಿರ ಬೀಡಿ ಹಚ್ಚಿದರೆ ಮುಖಕ್ಕೇ ಸಿಡಿಯುತ್ತೆ. ಹೊಸ ಸಲ್ಫೇಟ್ ಮೆತ್ತಗಿರುತ್ತೆ, ಕರಗುತ್ತೆ. ತಿಂಗಳುಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗುತ್ತೆ, ಆಮೇಲೆ ಯಾವ ಪುಡಿ ಹಾಕಿದ್ರೂ ನನಗೆ ನಂಬಿಕೆ ಇಲ್ಲ.

ಮರುದಿನ ಮಧ್ಯಾಹ್ನ ನೋಡಿದರೆ 12.5. ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಸ್ಟಾರ್ಟ್ ಆಗುವಾಗ ವೋಲ್ಟೇಜ್ 10ಕ್ಕಿಂತ ಕೆಳಗೆ ಇಳೀಲಿಲ್ಲ. ಇಂಜಿನ್ ಓಡುವಾಗ 14.1, ಅಂದ್ರೆ ಡೈನಮೋ ಸರಿಯಿದೆ. ಗ್ರಾವಿಟಿ ಐದು ಸೆಲ್‌ನಲ್ಲಿ 1250ಕ್ಕೆ ಬಂದಿದೆ, ಪ್ಲಸ್ ಕಡೆಯಿಂದ ಎರಡನೇದು 1225ರಲ್ಲೇ ನಿಂತಿದೆ. ಅದನ್ನ ಮುಂದಿನ ಭಾನುವಾರ ಮತ್ತೆ ಅಳೆದು ಬರೀತೀನಿ.