ರಕ್ತಹುಳುವಿನ ಹೊರಪೊರೆ: ಒಂದು ಲಸಿಕಾ ಗುರಿಯ ಇತಿಹಾಸ

1851ರಲ್ಲಿ ಕೈರೋದಲ್ಲಿ ಶವಪರೀಕ್ಷೆ ನಡೆಸುತ್ತಿದ್ದ ಜರ್ಮನ್ ವೈದ್ಯ ಥಿಯೋಡರ್ ಬಿಲ್ಹಾರ್ಜ್ ಮನುಷ್ಯನ ರಕ್ತನಾಳದೊಳಗೆ ವಾಸಿಸುವ ಹುಳುವೊಂದನ್ನು ಕಂಡರು. ಅದೇ ಶಿಸ್ಟೊಸೋಮ. ಪ್ರತಿಕಾಯಗಳು ಸದಾ ಹರಿದಾಡುವ ರಕ್ತದಲ್ಲೇ ಅದು ವರ್ಷಗಟ್ಟಲೆ ಬದುಕುತ್ತದೆ, ಮೊಟ್ಟೆಯಿಡುತ್ತದೆ. ದೇಹದ ಅಂಗಾಂಶಗಳಲ್ಲಿ ಸಿಕ್ಕಿಕೊಂಡ ಆ ಮೊಟ್ಟೆಗಳೇ ಯಕೃತ್ತನ್ನೂ ಮೂತ್ರಕೋಶವನ್ನೂ ಕೆಡಿಸುತ್ತವೆ. ಇಷ್ಟು ಬಯಲಿನಲ್ಲಿರುವ ಶತ್ರು ದೇಹದ ಕಾವಲಿಗೆ ಸಿಗದಿರಲು ಕಾರಣ ಅದರ ಹೊರಪೊರೆ. ಲಸಿಕೆಯ ಹುಡುಕಾಟ ಮುಂದೆ ಸಾಗಿದ್ದು ಈ ಪೊರೆಯ ಗುಟ್ಟು ಬಿಡಿಸಿದಷ್ಟೇ ಎಂಬುದು ಈ ಲೇಖನದ ವಾದ.

ಮೊದಲ ಸುಳಿವು ದೊರೆತದ್ದು 1969ರಲ್ಲಿ. ಲಂಡನ್ನಿನ ಸಂಶೋಧಕರಾದ ಸ್ಮಿದರ್ಸ್, ಟೆರಿ ಮತ್ತು ಹಾಕ್ಲಿ ಇಲಿಗಳಲ್ಲಿ ಬೆಳೆದ ಹುಳುಗಳನ್ನು ಕೋತಿಗಳ ದೇಹಕ್ಕೆ ಸೇರಿಸಿದರು. ಇಲಿಯ ಅಂಶಗಳ ವಿರುದ್ಧ ಮೊದಲೇ ಪ್ರತಿರೋಧ ಬೆಳೆಸಿಕೊಂಡಿದ್ದ ಕೋತಿಗಳಲ್ಲಿ ಆ ಹುಳುಗಳು ಸತ್ತವು. ಉಳಿದ ಕೋತಿಗಳಲ್ಲಿ ಬದುಕಿದವು. ಅಂದರೆ ಹುಳು ತನ್ನ ಆತಿಥೇಯನ ಅಣುಗಳನ್ನೇ ಮೈಗೆ ಹೊದ್ದುಕೊಂಡಿತ್ತು. 1977ರಲ್ಲಿ ಮ್ಯಾಕ್ಲಾರೆನ್ ಮತ್ತು ಹಾಕ್ಲಿ ರಕ್ತಹುಳುಗಳ ಹೊರಮೈಯಲ್ಲಿ ಒಂದರ ಮೇಲೊಂದು ಎರಡು ಪೊರೆಗಳಿರುವುದನ್ನು ತೋರಿಸಿದರು.

ಹಾಗಾದರೆ ಪ್ರತಿಕಾಯಕ್ಕೆ ನಿಲುಕುವ, ಹುಳುವಿನದೇ ಆದ ಪ್ರೋಟೀನು ಆ ಪೊರೆಯಲ್ಲಿ ಇದೆಯೇ? 2006ರಲ್ಲಿ ಆಸ್ಟ್ರೇಲಿಯದ ಅಲೆಕ್ಸ್ ಲೂಕಾಸ್ ಮತ್ತು ಸಂಗಡಿಗರು ಟಿಎಸ್‌ಪಿ-2 ಎಂಬ ಟೆಟ್ರಾಸ್ಪ್ಯಾನಿನ್ ಪ್ರೋಟೀನಿನತ್ತ ಬೆರಳು ತೋರಿದರು. ಬ್ರೆಜಿಲ್‌ನಲ್ಲಿ ಸೋಂಕಿಗೆ ಪದೇಪದೇ ಒಡ್ಡಿಕೊಂಡರೂ ರೋಗ ತಗಲದವರ ರಕ್ತದಲ್ಲಿ ಇದರ ವಿರುದ್ಧ ಐಜಿಜಿ ಪ್ರತಿಕಾಯಗಳು ಬಲವಾಗಿದ್ದವು. ದೀರ್ಘಕಾಲದ ರೋಗಿಗಳಲ್ಲಿ ಹಾಗಿರಲಿಲ್ಲ. ಈ ಪ್ರೋಟೀನಿನ ಲಸಿಕೆ ಪಡೆದ ಇಲಿಗಳಲ್ಲಿ ಹುಳುಗಳ ಸಂಖ್ಯೆಯೂ ಯಕೃತ್ತಿನಲ್ಲಿದ್ದ ಮೊಟ್ಟೆಗಳೂ ಅರ್ಧಕ್ಕಿಂತ ಹೆಚ್ಚು ಕುಗ್ಗಿದವು. ಮುಂದೆ ಈ ಪ್ರೋಟೀನಿನ ಜೀನನ್ನು ಮೌನಗೊಳಿಸಿದಾಗ ಹುಳುವಿನ ಹೊರಮೈಯೇ ತೆಳುವಾಗಿ ಹದಗೆಟ್ಟಿತು. ಹೊರಗೆ ಕಾಣುವುದು ಮಾತ್ರವಲ್ಲ, ಹುಳುವಿನ ಉಳಿವಿಗೂ ಅದು ಬೇಕಾದದ್ದೆಂದು ಇದರಿಂದ ಖಚಿತವಾಯಿತು.

ಸೋಲುಗಳೂ ದಾರಿ ತೋರಿವೆ. ಇನ್ನೊಂದು ಪರಾವಲಂಬಿಯಾದ ಕೊಕ್ಕೆಹುಳು ಸ್ರವಿಸುವ ಎಎಸ್‌ಪಿ-2 ಪ್ರೋಟೀನಿನ ಲಸಿಕೆಯನ್ನು ಬ್ರೆಜಿಲ್‌ನಲ್ಲಿ ಹಿಂದೆ ಸೋಂಕಿಗೊಳಗಾದವರಿಗೆ ಕೊಟ್ಟಾಗ ಕೆಲವರ ಮೈಮೇಲೆ ದದ್ದುಗಳೆದ್ದವು. ಹಳೆಯ ಸೋಂಕು ಬಿಟ್ಟುಹೋಗಿದ್ದ, ಅಲರ್ಜಿ ಕೆರಳಿಸುವ ಐಜಿಇ ಪ್ರತಿಕಾಯಗಳೇ ಕಾರಣ. ಪ್ರಯೋಗ ನಿಂತಿತು. ಅಲ್ಲಿಂದೀಚೆಗೆ ಗುರಿಯಾಗುವ ಪ್ರೋಟೀನಿಗೆ ಸ್ಥಳೀಯರಲ್ಲಿ ಐಜಿಇ ಇದೆಯೇ ಎಂಬ ಪರಿಶೀಲನೆ ಕಡ್ಡಾಯವೆನಿಸಿತು. ಇದಕ್ಕೆ ಬೇರೆಯದೇ ಹಾದಿ ಹಿಡಿದವರು ಸ್ಕಾಟ್ಲೆಂಡಿನ ಮೊರ್ಡನ್ ಸಂಸ್ಥೆಯವರು. ಕುರಿಗಳ ರಕ್ತ ಹೀರುವ ಹೀಮಾಂಕಸ್ ಹುಳುವಿನ ಕರುಳಿನ ಪೊರೆಯಲ್ಲಿ ಅಡಗಿರುವ ಪ್ರೋಟೀನುಗಳನ್ನು ಅವರು ಗುರಿಯಾಗಿಸಿದರು. ಸಹಜ ಸೋಂಕಿನಲ್ಲಿ ಕುರಿಯ ದೇಹಕ್ಕೆ ಇವುಗಳ ಪರಿಚಯವೇ ಇರುವುದಿಲ್ಲ. ಹುಳು ಹೀರಿದ ರಕ್ತದೊಡನೆ ಪ್ರತಿಕಾಯವೂ ಒಳಹೋಗಿ ಕರುಳಿಗೆ ತಾಗುತ್ತದೆ. ಹೀಗೆ ರೂಪುಗೊಂಡ ಬಾರ್ಬರ್‌ವ್ಯಾಕ್ಸ್ 2014ರಲ್ಲಿ ಆಸ್ಟ್ರೇಲಿಯದಲ್ಲಿ ಬಳಕೆಗೆ ಬಂತು.

ಮನುಷ್ಯರಲ್ಲಿ ಟಿಎಸ್‌ಪಿ-2 ಲಸಿಕೆ ಅಮೆರಿಕದ ಮೊದಲ ಹಂತದ ಪರೀಕ್ಷೆಯಲ್ಲಿ ಸುರಕ್ಷಿತವೆಂದು ಕಂಡುಬಂದಿದೆ. ಸುರಕ್ಷತೆಯೇ ರಕ್ಷಣೆಯಲ್ಲ, ಅದನ್ನು ಸೋಂಕಿನ ನಾಡುಗಳಲ್ಲೇ ಸಾಬೀತುಪಡಿಸಬೇಕು. ಈ ರೋಗಕ್ಕೆ ಕೊಡುವ ಪ್ರಾಜಿಕ್ವಾಂಟೆಲ್ ಮಾತ್ರೆ ಹುಳುವನ್ನು ಕೊಲ್ಲುತ್ತದೆ, ಆದರೆ ಮತ್ತೆ ಸೋಂಕಿನ ನೀರಿಗಿಳಿದ ಮಗುವನ್ನು ಕಾಯಲಾರದು. ಪ್ರತಿಕಾಯಕ್ಕೆ ನಿಲುಕುವ, ಹುಳುವಿನ ಬದುಕಿಗೆ ಅನಿವಾರ್ಯವಾದ, ಅಲರ್ಜಿ ಕೆರಳಿಸದ ಪ್ರೋಟೀನು: ಈ ಮೂರೂ ಷರತ್ತುಗಳನ್ನು ಪೂರೈಸುವ ಗುರಿಗಳ ಮೇಲೆ ಸಂಶೋಧನೆಯ ಹಣವೂ ಶ್ರಮವೂ ಕೇಂದ್ರೀಕೃತವಾಗಬೇಕು.