ಧಾರವಾಡದ ಶಾಲೆಯ ಬಾಗಿಲಲ್ಲಿ ಒಬ್ಬ ಬಾಲಕ



ಶಾಲೆ ಎಲ್ಲ ಮಕ್ಕಳಿಗೂ ಸೇರಿದ್ದೆಂಬ ಮಾತು ಇಂದು ನಮಗೆ ಸಹಜವೆನಿಸುತ್ತದೆ. ಆ ಮಾತಿನ ಇತಿಹಾಸದಲ್ಲಿ ನಮ್ಮ ಧಾರವಾಡದ ಹೆಸರೂ ಇದೆ.

ಆಗ ಧಾರವಾಡವು ಮುಂಬಯಿ ಪ್ರಾಂತ್ಯದಲ್ಲಿತ್ತು. ಮಹಾರ್ ಜಾತಿಯ ಬಾಲಕನೊಬ್ಬನನ್ನು ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು 1856ರ ಜೂನ್‌ನಲ್ಲಿ ಅರ್ಜಿ ಬಂದಿತು. ನ್ಯಾಯ ಬಾಲಕನ ಪಕ್ಷದಲ್ಲಿದೆಯೆಂದು ಮುಂಬಯಿ ಸರ್ಕಾರವೇ ಒಪ್ಪಿಕೊಂಡಿತು, ಆದರೂ ಸೇರಿಸಿಕೊಳ್ಳಲಿಲ್ಲ. ಅವನೊಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟಾರೆಂಬುದು ಅದರ ಅಂಜಿಕೆ. ವಿಷಯ ಲಂಡನ್ನಿನವರೆಗೆ ಹೋಯಿತು. ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂಬ ತತ್ತ್ವವನ್ನು ಕೈಬಿಡಲಾಗದೆಂದು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಳಿಯು 1858ರ ಏಪ್ರಿಲ್‌ನಲ್ಲಿ ತಿಳಿಸಿತು. ಅಷ್ಟರಲ್ಲಿ ಇಪ್ಪತ್ತೆರಡು ತಿಂಗಳು ಕಳೆದಿದ್ದವು. ಸರ್ಕಾರಕ್ಕೆ ಅದು ಒಂದು ಕಡತದ ಓಡಾಟ. ಕಲಿಯುವ ವಯಸ್ಸಿನ ಮಗುವಿಗೆ ಹತ್ತಿರಹತ್ತಿರ ಎರಡು ತರಗತಿ.

1882ರ ಹಂಟರ್ ಆಯೋಗವೂ ಈ ತತ್ತ್ವವನ್ನು ಒಪ್ಪಿತು. ಆದರೆ ಜಾರಿಯಲ್ಲಿ ಎಚ್ಚರಿಕೆ ಇರಲೆಂದು ಹೇಳಿ, ಪ್ರತ್ಯೇಕ ಶಾಲೆಗಳನ್ನು ಪ್ರೋತ್ಸಾಹಿಸಿತು.

ಅತ್ತ ಮಂಗಳೂರಿನಲ್ಲಿ ವಕೀಲರಾಗಿದ್ದ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ‘ಡಿಪ್ರೆಸ್ಡ್ ಕ್ಲಾಸಸ್ ಮಿಷನ್’ ಸ್ಥಾಪಿಸಿದರು. ಸ್ವಜಾತಿಯವರ ಬಹಿಷ್ಕಾರವನ್ನೂ ಸಹಿಸಿದರು. ಶಾಲೆಗೆ ಬಂದ ಮಕ್ಕಳಿಗೆ ಮಧ್ಯಾಹ್ನದ ಊಟವನ್ನೂ ಕೈಗಿಷ್ಟು ಕಾಸನ್ನೂ ಕೊಡುತ್ತಿದ್ದರು. ಬಡವರ ಮನೆಯಲ್ಲಿ ಮಗು ಶಾಲೆಗೆ ಹೋದರೆ ದುಡಿಯುವ ಒಂದು ಜೋಡಿ ಕೈ ಕಡಿಮೆಯಾದಂತೆ. ಬಾಗಿಲು ತೆರೆದವರು, ಒಳಗೆ ಬಂದ ಮಗು ಅಲ್ಲಿ ಉಳಿಯಲು ಏನು ಬೇಕೆಂದೂ ಯೋಚಿಸಬೇಕೆಂಬುದನ್ನು ನಾನು ಕಲಿತದ್ದು ರಂಗರಾಯರಿಂದ.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 29ನೆಯ ವಿಧಿಯಂತೆ, ಸರ್ಕಾರ ನಡೆಸುವ ಅಥವಾ ಅದರ ನೆರವು ಪಡೆಯುವ ಶಾಲೆ ಜಾತಿಯ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಆದರೆ ತರಗತಿಯೊಳಗೆ ಯಾರು ಯಾರ ಪಕ್ಕ ಕೂರಬೇಕು, ಯಾರ ಕೈಯಿಂದ ಯಾರು ನೀರು ಕುಡಿಯಬೇಕು ಎಂಬುದನ್ನು ಯಾವ ವಿಧಿಯೂ ಹೇಳುವುದಿಲ್ಲ. ಅದು ಉಪಾಧ್ಯಾಯನ ಪಾಲಿನ ಕೆಲಸ.

ಪ್ರತಿ ಸೋಮವಾರ ನಾನು ನಿಮ್ಮ ಬೆಂಚು ಬದಲಿಸುತ್ತಿದ್ದೆ. ಗೆಳೆಯರಿಂದ ಅಗಲಿಸಿದರೆಂದು ನೀವು ಮುನಿಸಿಕೊಳ್ಳುತ್ತಿದ್ದಿರಿ. ಕುಡಿಯುವ ನೀರು ಕೊಡುವ ಸರದಿಯೂ ಹಾಜರಿ ಪುಸ್ತಕದ ಕ್ರಮದಲ್ಲಿಯೇ ಬರುತ್ತಿತ್ತು, ಯಾರ ಹೆಸರನ್ನೂ ಬಿಡದೆ. ಅಂದು ಕಾರಣ ಹೇಳಿದ್ದರೆ ಇಡೀ ತರಗತಿ ಆ ಮೂರು ನಾಲ್ಕು ಮಕ್ಕಳತ್ತ ತಿರುಗಿ ನೋಡುತ್ತಿತ್ತು. ಆದ್ದರಿಂದ ಹೇಳಲಿಲ್ಲ. ನಿಮ್ಮಲ್ಲಿ ಕೆಲವರು ಈಗ ಸ್ವತಃ ಶಿಕ್ಷಕರಾಗಿರುವುದರಿಂದ ಇಂದು ಹೇಳುತ್ತಿದ್ದೇನೆ.